‘ಪ್ರಜೆ’ ಅನ್ನುವ ಪದದ ಬೆನ್ನು ಹತ್ತಿದ್ದೇನೆ: ರಾಜಕೀಯ ವಿಚಾರಗಳ ಇತಿಹಾಸ ಬರೆಯೋದು ಹೇಗೆ?

ಹೇಮಾವತಿ ದಂಡೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಪಿಎಚ್‌ಡಿಗೆ ಸೇರಿದ್ದೇನೆ. ವಿಷಯ ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರಭುತ್ವದ ಚಿಂತನೆ. ಅರವತ್ತು ಪುಟ ಬರೆದು ಗೈಡ್ ಕೈಗೆ ಕೊಟ್ಟೆ. ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ ಒಂದೇ ಸಾಲು ಬರೆದು ಹಿಂದಿರುಗಿಸಿದರು: “ಎಲ್ಲಾ ಇದೆ, ಪ್ರಶ್ನೆ ಎಲ್ಲಿ?”

ಬೇಜಾರಾಯಿತು. ಒಂದು ವಾರ ಬಿಟ್ಟು ಮತ್ತೆ ಓದಿದಾಗ ಅವರು ಹೇಳಿದ್ದು ಸರಿ ಅನ್ನಿಸಿತು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ. ದಿವಾನರ ಪಟ್ಟಿ ಆಗಿದೆ, ಅಷ್ಟೇ.

ಆದರೆ ಒಂದು ಕಡೆ ಮನಸ್ಸು ಸಿಕ್ಕಿಕೊಂಡಿದೆ. 1881ರಲ್ಲಿ ರಂಗಾಚಾರ್ಲು ಶುರುಮಾಡಿದ ಸಭೆಗೆ ಕನ್ನಡದಲ್ಲಿ ಪ್ರಜಾಪ್ರತಿನಿಧಿ ಸಭೆ ಅಂತ ಹೆಸರು. ಆಗ ಪ್ರಜೆ ಅಂದರೆ ರಾಜನ ಕೈಕೆಳಗೆ ಇರುವವನು. ಇವತ್ತು ನಮ್ಮ ಮಕ್ಕಳು ಶಾಲೆಯಲ್ಲಿ ಸಂವಿಧಾನದ ಪೀಠಿಕೆ ಓದುವಾಗ “ಭಾರತದ ಪ್ರಜೆಗಳಾದ ನಾವು” ಅನ್ನುತ್ತಾರೆ. ಅಲ್ಲಿ ಪ್ರಜೆಯೇ ಒಡೆಯ. ಪದ ಅದೇ, ಜಾಗ ಬೇರೆ. ಇದು ಯಾವಾಗ ಆಯಿತು, ಯಾರು ಮಾಡಿದರು, ಯಾವ ಜಗಳದಲ್ಲಿ ಆಯಿತು? ಇಂಥದ್ದನ್ನು ಹುಡುಕಿ ಬರೆದ ಅನುಭವ ಇರುವವರು ದಾರಿ ಹೇಳಿ. ಮೊದಲು ಸಿದ್ಧಾಂತ ಓದಬೇಕೋ, ನೇರ ಕಡತಕ್ಕೆ ಕೈ ಹಾಕಬೇಕೋ?

---

ಪದಬೇಟೆ:

ನಿಮಗೆ ಪ್ರಶ್ನೆ ಸಿಕ್ಕಿದೆ ಮೇಡಂ, ನೀವೇ ಬರೆದಿದ್ದೀರಿ. ಉಳಿದ ಐವತ್ತೆಂಟು ಪುಟ ಪಕ್ಕಕ್ಕಿಡಿ.

---

ಹಳೇ ರೆಕಾರ್ಡು:

ಕಡತಕ್ಕೆ ಕೈ ಹಾಕಿ. ಸಿದ್ಧಾಂತ ಮೊದಲು ಓದಿದರೆ ಕಾಣುವುದೆಲ್ಲಾ ಅದೇ ಆಗುತ್ತದೆ. ನಾನು ಹನ್ನೊಂದು ವರ್ಷದಿಂದ ಹಳೇ ಮೈಸೂರಿನ ಕಂದಾಯದ ದಾಖಲೆ ನೋಡುತ್ತಿದ್ದೇನೆ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ಕಾಲೇಜಿನ ಗುರುತಿನ ಚೀಟಿ, ಒಂದು ಪತ್ರ ಇಟ್ಟುಕೊಂಡಿರಿ. ಮೊದಲ ದಿನ ಏನೂ ಬರೆಯಬೇಡಿ. ಯಾವ ಇಲಾಖೆ ಕಾಗದ ಎಲ್ಲಿದೆ, ಸೂಚಿ ಹೇಗಿದೆ ಅಂತ ನೋಡಿ. ಸೂಚಿ ಓದೋದೇ ಅರ್ಧ ಕೆಲಸ.

ಇನ್ನೊಂದು ಮಾತು, ಇದನ್ನು ಹೊಟ್ಟೆ ಉರಿದುಕೊಂಡು ಹೇಳುತ್ತಿದ್ದೇನೆ. ಸಂಪುಟದ ಸಂಖ್ಯೆ, ಪುಟ, ತಾರೀಖು ಅಲ್ಲೇ ಬರೆದುಕೊಳ್ಳಿ. ಆಮೇಲೆ ನೋಡೋಣ ಅಂದುಕೊಂಡು ನಾನು ಆರು ತಿಂಗಳ ಟಿಪ್ಪಣಿ ಕಳೆದುಕೊಂಡೆ. ಟಿಪ್ಪಣಿ ಇದೆ, ಆದರೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಹಾಗಾಗಿ ಒಂದು ಸಾಲನ್ನೂ ಬಳಸುವ ಹಾಗಿಲ್ಲ.

---

ದೂರದೂರು:

ರೆಕಾರ್ಡು ಸರ್, ಒಪ್ಪೋದಿಲ್ಲ. ಸುಮ್ನೆ ಕಡತಕ್ಕೆ ಇಳಿದರೆ ಏನು ಹುಡುಕುತ್ತಿದ್ದೇವೆ ಅಂತಲೇ ಗೊತ್ತಾಗೋದಿಲ್ಲ. ರಾಜಕೀಯ ಚಿಂತನೆಯ ಇತಿಹಾಸ ಬರೆಯುವ ಇಂಗ್ಲೆಂಡಿನ ಕ್ವೆಂಟಿನ್ ಸ್ಕಿನ್ನರ್ 1969ರಲ್ಲಿ ಬರೆದ ಒಂದು ದೊಡ್ಡ ಪ್ರಬಂಧ ಇದೆ. ನಮ್ಮ ಕಾಲದ ವಿಚಾರವನ್ನು ಹಿಂದಿನವರ ಬಾಯಲ್ಲಿ ತುರುಕಬೇಡಿ, ಒಬ್ಬ ಬರೆದಾಗ ಅವನು ಏನು ಮಾಡುತ್ತಿದ್ದ ಅಂತ ಕೇಳಿ, ಅನ್ನುವುದು ಅದರ ತಿರುಳು. ಅದೊಂದನ್ನು ಓದಿ ಹೋದರೂ ಸಾಕು, ಕಣ್ಣು ಬೇರೆ ಆಗುತ್ತದೆ. ಜರ್ಮನಿಯಲ್ಲಿ ಕೊಸೆಲೆಕ್ ಅನ್ನುವ ಇತಿಹಾಸಕಾರ ಮತ್ತು ಜೊತೆಗಾರರು ಒಂದೊಂದೇ ರಾಜಕೀಯ ಪದ ಹಿಡಿದು ಅದರ ಅರ್ಥ ಕಾಲಕ್ಕೆ ತಕ್ಕಂತೆ ಹೇಗೆ ಹೊರಳಿತು ಅಂತ ದೊಡ್ಡ ಕೋಶವನ್ನೇ ಮಾಡಿದರು. ಮೇಡಂ ಕೇಳುತ್ತಿರುವುದು ಅದೇ ಜಾತಿಯ ಪ್ರಶ್ನೆ. ಕನ್ನಡದಲ್ಲಿ ಅಂಥ ಕೆಲಸ ಆಗಬೇಕಾದದ್ದು ಬೇಕಾದಷ್ಟಿದೆ.

---

ಹಳೇ ರೆಕಾರ್ಡು:

ಒಂದು ಪ್ರಬಂಧ ಓದಲಿ, ಬೇಡ ಅನ್ನಲ್ಲ. ಹತ್ತು ಓದಿ ಮೊದಲ ಅಧ್ಯಾಯ ಪೂರ್ತಿ ಸಿದ್ಧಾಂತದ ಮೆರವಣಿಗೆ ಮಾಡೋದು ಬೇಡ. ಅಂಥ ಎಷ್ಟು ಪ್ರಬಂಧ ಓದಿದ್ದೇನೆ ಗೊತ್ತಾ? ಎರಡನೇ ಅಧ್ಯಾಯದಿಂದ ಸ್ಕಿನ್ನರ್ ಕಾಣೆ.

---

ಮನೆಪಾಠ:

ಮೇಡಂ, ದಿನಾ ಬೆಳಿಗ್ಗೆ ಕೇಳುವ ಸುಪ್ರಭಾತ ನೆನಪಿಸಿಕೊಳ್ಳಿ. “ಕೌಸಲ್ಯಾ ಸುಪ್ರಜಾ ರಾಮ”. ಅಲ್ಲಿ ಪ್ರಜೆ ಅಂದರೆ ಮಗು. ಕೌಸಲ್ಯೆಯ ಒಳ್ಳೆಯ ಮಗನೇ ಅಂತ. ನನ್ನ ತಾಯಿಗೆ ಇದನ್ನು ಹೇಳಿದಾಗ ಅವರು, “ಅದಕ್ಕೇ ರಾಜ ಪ್ರಜೆಗಳನ್ನ ಮಕ್ಕಳ ಹಾಗೆ ಸಾಕ್ತಾನೆ ಅನ್ನೋದು” ಅಂದರು. ಮಗು, ಆಮೇಲೆ ರಾಜನ ಮಕ್ಕಳಂಥವರು, ಆಮೇಲೆ ಜನ. ಒಂದು ಪದದಲ್ಲಿ ಎಷ್ಟು ಪದರ!

---

ಹೇಮಾವತಿ ದಂಡೆ:

ಇದು ಹೊಳೆದೇ ಇರಲಿಲ್ಲ! ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಹಾಗಾದರೆ ರಾಜ ಪ್ರಜೆಗಳ ಪ್ರತಿನಿಧಿಗಳನ್ನು ಕರೆಸುವುದು ಅಂದರೆ ಅಪ್ಪ ಮಕ್ಕಳನ್ನು ಕೂರಿಸಿಕೊಂಡು “ಏನು ಬೇಕು ಹೇಳಿ” ಅಂತ ಕೇಳಿದ ಹಾಗೆ. ಕೇಳುತ್ತಾನೆ, ಕೊಡಲೇಬೇಕು ಅಂತ ಇಲ್ಲ.

---

ಮಂಡ್ಯದ ಹುಡುಗ:

ಪ್ರಜಾಪ್ರತಿನಿಧಿ ಸಭೆ 1891ರದ್ದು ಅಲ್ವಾ? ಚುನಾವಣೆ ಮಾಡಿ ಕಳಿಸುತ್ತಿದ್ದರು ಅಂತ ಓದಿದ ನೆನಪು.

---

ಹಳೇ ರೆಕಾರ್ಡು:

ಎರಡು ಸಂಗತಿ ಕಲಸಿದ್ದೀಯ ತಮ್ಮಾ. ಸಭೆ ಮೊದಲು ಸೇರಿದ್ದು 1881ರ ಅಕ್ಟೋಬರ್ 7, ದಸರಾ ಕಾಲದಲ್ಲಿ, ಮೈಸೂರಲ್ಲಿ. 144 ಜನ ಸದಸ್ಯರು. ಆಗ ಚುನಾವಣೆ ಇರಲಿಲ್ಲ. ಜಮೀನುದಾರರು, ವ್ಯಾಪಾರಸ್ಥರು, ಅಂಥವರನ್ನು ಆರಿಸಿ ಕಳಿಸುತ್ತಿದ್ದರು. ಚುನಾವಣೆ ಅನ್ನುವುದು ಹತ್ತು ವರ್ಷ ಬಿಟ್ಟು ಶೇಷಾದ್ರಿ ಅಯ್ಯರ್ ಕಾಲದಲ್ಲಿ ಬಂತು. ಅದೂ ಆಸ್ತಿ ಇದ್ದವರಿಗೆ ಮಾತ್ರ. ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಿವಾನರ ಭಾಷಣ ಕೇಳೋದು, ತಮ್ಮ ತಾಲ್ಲೂಕಿನ ಕಷ್ಟ ಹೇಳೋದು. ಕಾನೂನಿಗೆ ಬೇರೆ ಸಭೆ ಬಂದದ್ದು 1907ರಲ್ಲಿ.

---

ಮಂಡ್ಯದ ಹುಡುಗ:

ಸರಿ ಅಣ್ಣ, ತಿದ್ದಿಕೊಂಡೆ.

---

ಕೂಲಿಮಠ:

144 ಜನರಲ್ಲಿ ನಮ್ಮವರು ಎಷ್ಟು ಜನ ಇದ್ದರು? ಕೆರೆ ಕೆಳಗೆ ಗದ್ದೆ ಉತ್ತವರು, ಊರಾಚೆ ಇದ್ದವರು, ಹೆಂಗಸರು? ಜಮೀನು ಇದ್ದವನೇ ಪ್ರಜೆ ಅನ್ನುವುದಾದರೆ ಉಳಿದವರು ಏನು? ರಾಜಕೀಯ ವಿಚಾರಗಳ ಇತಿಹಾಸ ಅನ್ನುವ ಹೆಸರಲ್ಲಿ ಬರೆದದ್ದೆಲ್ಲಾ ಓದು ಬಲ್ಲವರ ಇತಿಹಾಸ. ಬರೆಯಲು ಬಾರದವರಿಗೆ ವಿಚಾರ ಇರಲಿಲ್ವಾ? ಈ ಪ್ರಶ್ನೆಗೆ ಉತ್ತರ ಇಲ್ಲದೆ ಪ್ರಬಂಧ ಬರೆದರೆ ಅದು ಮತ್ತೊಂದು ದಿವಾನರ ಪಟ್ಟಿಯೇ.

---

ಮಳೆನಾಡು:

ಕೂಲಿಮಠ ಅವರ ಮಾತು ನೂರಕ್ಕೆ ನೂರು ನಿಜ. ಅದಕ್ಕೆ ನಮ್ಮ ಕಡೆಯದೊಂದು ಸಂಗತಿ ಸೇರಿಸುತ್ತೇನೆ.

1881ಕ್ಕೆ ಐವತ್ತು ವರ್ಷ ಮೊದಲು, 1830ರಲ್ಲಿ, ನಗರ ಸೀಮೆಯ (ಈಗಿನ ಶಿವಮೊಗ್ಗ ಕಡೆಯ ಮಲೆನಾಡು) ರೈತರು ಕಂದಾಯದ ಹಿಂಸೆ ತಾಳಲಾರದೆ ಎದ್ದರು. ಹಾಗೆ ಎದ್ದವರು ಸುಮ್ನೆ ಬಡಿಗೆ ಹಿಡಿದು ಓಡಲಿಲ್ಲ. ಊರೂರಿನಿಂದ ಬಂದು ಒಂದು ಕಡೆ ಸೇರಿದರು. ಅದಕ್ಕೆ ಕೂಟ ಅನ್ನುತ್ತಿದ್ದರು. ಕೂಟದಲ್ಲಿ ಕೂತು ಕಂದಾಯ ಕಟ್ಟುವುದಿಲ್ಲ ಅಂತ ತೀರ್ಮಾನ ಮಾಡುತ್ತಿದ್ದರು. ಅದೇ ಹೊತ್ತಿಗೆ ಘಟ್ಟದ ಕೆಳಗೆ ಕನ್ನಡ ಜಿಲ್ಲೆಯಲ್ಲೂ ರೈತರ ಕೂಟಗಳು ನಡೆದವು. ಆ ದಂಗೆಯೇ ನೆಪವಾಗಿ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜರ ಕೈಯಿಂದ ಆಡಳಿತ ಕಿತ್ತುಕೊಂಡರು. ಐವತ್ತು ವರ್ಷ ಕಮಿಷನರ ಆಳ್ವಿಕೆ. ಆಮೇಲೆ 1881ರಲ್ಲಿ ರಾಜ್ಯ ವಾಪಸ್ ಬಂತು, ಅದೇ ವರ್ಷ ಸಭೆ ಬಂತು.

ಈಗ ಹೇಳಿ, ಸಭೆಯ ವಿಚಾರ ಬರೀ ಇಂಗ್ಲಿಷ್ ಓದಿದ ದಿವಾನರ ತಲೆಯಲ್ಲಿ ಹುಟ್ಟಿತಾ? ಕರೆಯದೆ ಸೇರಿದ ಕೂಟ ಒಂದು ಕಡೆ, ಕರೆದು ಕೂರಿಸಿದ ಸಭೆ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ರೈತರು ಬರೆಯಲಿಲ್ಲ, ನಿಜ. ಆದರೆ ಅವರ ಮಾತು ಅವರನ್ನು ವಿಚಾರಣೆ ಮಾಡಿದವರ ಕಾಗದದಲ್ಲಿ ಉಳಿದಿರುತ್ತದೆ. ದಂಗೆಯ ವಿಚಾರಣೆಗೆ 1832ರಲ್ಲಿ ಸಮಿತಿ ಕೂತು ಮರುವರ್ಷ ವರದಿ ಕೊಟ್ಟಿತು. ಅಲ್ಲಿಂದ ಶುರುಮಾಡಿ.

---

ದೂರದೂರು:

ಚೆನ್ನಾಗಿದೆ, ಆದರೆ ಒಂದು ಎಚ್ಚರ. ಕೂಟದಿಂದ ಸಭೆ ಬಂತು ಅನ್ನಲು ನಡುವೆ ಕೊಂಡಿ ಬೇಕು. 1881ರ ಆಸುಪಾಸಿನಲ್ಲಿ ಯಾರಾದರೂ ನಗರದ ದಂಗೆಯನ್ನು ನೆನೆದು ಮಾತಾಡಿದ್ದಾರಾ? ಅದು ಸಿಗದಿದ್ದರೆ ಎರಡೂ ಅಕ್ಕಪಕ್ಕದ ಸಂಗತಿ ಅಂತ ಮಾತ್ರ ಬರೆಯಬಹುದು.

---

ಮಳೆನಾಡು:

ಒಪ್ಪಿದೆ. ಕೊಂಡಿ ಹುಡುಕಬೇಕು. ಆದರೆ ಹುಡುಕಲು ಹೋಗುವವರೇ ಕಡಿಮೆ ಅಲ್ವಾ?

---

ಕಲ್ಯಾಣದ ಬೆಳಕು:

1881, 1830 ಎಲ್ಲಾ ಯಾಕೆ? ಹನ್ನೆರಡನೇ ಶತಮಾನದಲ್ಲೇ ನಮ್ಮ ಕಲ್ಯಾಣದಲ್ಲಿ ಅನುಭವ ಮಂಟಪ ಇತ್ತು. ಜಗತ್ತಿನ ಮೊದಲ ಸಂಸತ್ತು. ಎಲ್ಲಾ ಜಾತಿಯವರು, ಹೆಣ್ಣುಮಕ್ಕಳು ಕೂತು ಚರ್ಚೆ ಮಾಡಿದರು. ಅಲ್ಲಿಂದ ಶುರುಮಾಡದೆ ಪ್ರಜಾಪ್ರಭುತ್ವದ ಇತಿಹಾಸ ಹೇಗೆ ಬರೆಯುತ್ತೀರಿ?

---

ಪದಬೇಟೆ:

ಬೆಳಕು ಸರ್, ಶರಣರ ಬಗ್ಗೆ ನಿಮಗಿರುವ ಗೌರವವೇ ನನಗೂ ಇದೆ. ದಯವಿಟ್ಟು ಅದನ್ನು ಮನಸ್ಸಲ್ಲಿಟ್ಟುಕೊಂಡು ಓದಿ.

ಸಂಸತ್ತು ಕಾನೂನು ಮಾಡುತ್ತದೆ, ತೆರಿಗೆಗೆ ಒಪ್ಪಿಗೆ ಕೊಡುತ್ತದೆ. ಕಲ್ಯಾಣದಲ್ಲಿ ಆ ಕೆಲಸ ಬಿಜ್ಜಳನದು. ಶರಣರು ಕೂತು ಮಾತಾಡಿದ್ದು ಅನುಭಾವದ ಬಗ್ಗೆ, ಕಾಯಕದ ಬಗ್ಗೆ, ಹುಟ್ಟಿನಿಂದ ಯಾರೂ ಮೇಲಲ್ಲ ಅನ್ನುವುದರ ಬಗ್ಗೆ. ಇದು ಎಷ್ಟು ದೊಡ್ಡದು ಅಂದರೆ ಅದಕ್ಕೆ ಸಂಸತ್ತು ಅನ್ನುವ ಬಿರುದು ಕಟ್ಟುವ ಅಗತ್ಯವೇ ಇಲ್ಲ. ಲಂಡನ್ನಿನ ಅಳತೆಗೋಲು ತಂದು ನಮ್ಮ ಶರಣರನ್ನು ಯಾಕೆ ಅಳೆಯಬೇಕು?

ಇನ್ನೊಂದು, ಮಂಟಪದ ಸಂವಾದಗಳನ್ನು ನಾವು ಹೆಚ್ಚಾಗಿ ತಿಳಿಯುವುದು ಶೂನ್ಯಸಂಪಾದನೆಗಳಿಂದ, ಅಂದರೆ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದ ಗ್ರಂಥಗಳಿಂದ. ಅವು ಹದಿನೈದನೇ ಶತಮಾನದಲ್ಲಿ ಸಂಪಾದಿಸಿದವು, ಹೆಚ್ಚುಕಡಿಮೆ ಮುನ್ನೂರು ವರ್ಷ ಆಮೇಲೆ. ಹಾಗಾಗಿ ಯಾವ ಮಾತು ಯಾವ ಕಾಲದ್ದು ಅಂತ ಬಿಡಿಸಿ ನೋಡಬೇಕು. ಫ. ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಿಸಿ ಜನರ ಕೈಗೆ ಕೊಟ್ಟದ್ದು 1920ರ ದಶಕದಲ್ಲಿ. ಪ್ರತಿನಿಧಿ, ಮತದಾನ, ಶಾಸನಸಭೆ ಅನ್ನುವ ಮಾತುಗಳು ಎಲ್ಲರ ಬಾಯಲ್ಲಿ ಓಡಾಡುತ್ತಿದ್ದ ಕಾಲ ಅದು. ಅನುಭವ ಮಂಟಪವನ್ನು ಸಂಸತ್ತಿಗೆ ಹೋಲಿಸಿದ್ದು ಮೊದಲು ಯಾರು, ಯಾವಾಗ, ಯಾರಿಗೆ ಉತ್ತರವಾಗಿ? ಅದೇ ಒಂದು ಒಳ್ಳೆಯ ಸಂಶೋಧನೆ. ನೀವೇ ಮಾಡಬಾರದೇಕೆ?

---

ಕಲ್ಯಾಣದ ಬೆಳಕು:

ನೀವು ಗೌರವದಿಂದ ಹೇಳಿದ್ದೀರಿ, ಹಾಗಾಗಿ ಕೇಳುತ್ತೇನೆ. ಹೋಲಿಕೆ ತಪ್ಪು ಅನ್ನುವುದಾದರೆ ಶರಣರಿಗೂ ಇವತ್ತಿನ ಸಮಾನತೆಗೂ ಸಂಬಂಧವೇ ಇಲ್ಲ ಅಂತ ನಾಳೆ ಇನ್ನೊಬ್ಬರು ಅನ್ನುತ್ತಾರೆ. ಅದು ನನಗೆ ನೋವು ಕೊಡುತ್ತದೆ. ನಮ್ಮ ಅಜ್ಜಿ ಓದು ಬಾರದವರು. ವಚನ ಹೇಳುತ್ತಲೇ ನನ್ನಪ್ಪನನ್ನು ಶಾಲೆಗೆ ಕಳಿಸಿದವರು.

---

ಪದಬೇಟೆ:

ಸಂಬಂಧ ಇದೆ ಸರ್. ನಿಮ್ಮ ಅಜ್ಜಿಯೇ ಆ ಸಂಬಂಧ. ವಿಚಾರ ಹೀಗೇ ಬಾಯಿಂದ ಬಾಯಿಗೆ, ಮನೆಯಿಂದ ಮನೆಗೆ ಬರುವುದು. ಅವರು ಯಾವ ವಚನ ಹೇಳುತ್ತಿದ್ದರು, ಯಾವ ಸಂದರ್ಭದಲ್ಲಿ ಅಂತ ಬರೆದಿಡಿ. ಅದು ದಾಖಲೆ.

---

ಕಲ್ಯಾಣದ ಬೆಳಕು:

ಬರೆದಿಡುತ್ತೇನೆ. ಶರಣು.

---

ರಾತ್ರಿಪಾಳಿ:

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ಕೌಟಿಲ್ಯನ ‘ಅರ್ಥಶಾಸ್ತ್ರ’ ಪುಸ್ತಕದ ಕತೆಯೂ ಹೀಗೇ ಅಲ್ವಾ? 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿ ಕಟ್ಟು ತಂದುಕೊಟ್ಟರು. ಗ್ರಂಥ ಲಿಪಿ. ಶಾಮಾಶಾಸ್ತ್ರಿಗಳು ಅದು ಕೌಟಿಲ್ಯನದು ಅಂತ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ತಂದರು. ಭಾರತೀಯರಿಗೆ ರಾಜ್ಯದ ಚಿಂತನೆಯೇ ಇಲ್ಲ ಅನ್ನುತ್ತಿದ್ದವರ ಬಾಯಿ ಮುಚ್ಚಿಸಲು ನಮ್ಮವರು ಆ ಪುಸ್ತಕ ಹಿಡಿದುಕೊಂಡರು. ಪುಸ್ತಕ ಬರೆದ ಕಾಲದ ಅರ್ಥ ಒಂದು, 1909ರಲ್ಲಿ ಅದನ್ನು ಓದಿದವರಿಗೆ ಬೇಕಾಗಿದ್ದ ಅರ್ಥ ಇನ್ನೊಂದು. ಮೈಸೂರಿಗೆ ಹೋದಾಗಲೆಲ್ಲಾ ಆ ಕಟ್ಟಡದ ಮುಂದೆ ಒಂದು ನಿಮಿಷ ನಿಲ್ಲುತ್ತೇನೆ.

---

ಧಾರವಾಡದವಳು:

ಅಕ್ಕಾರ, ನಮ್ಮ ಕಡೆ ಮರೀಬ್ಯಾಡ್ರಿ. ನೀವು ಬರೀ ಮೈಸೂರು ಹಿಡಿದರೆ ಅರ್ಧ ಕನ್ನಡ ಬಿಟ್ಟಂಗ. ಆಗ ನಮ್ಮಲ್ಲಿ ಮುಂಬಯಿ ಸರ್ಕಾರ. ಮಹಾರಾಜರ ಪ್ರಜೆ ಅನ್ನುವ ಮಾತಿಗೆ ಧಾರವಾಡದಲ್ಲಿ ಜಾಗ ಎಲ್ಲಿ? ಇಲ್ಲಿನ ಪತ್ರಿಕೆಗಳ ಮೇಲೆ ಪುಣೆಯ ಮರಾಠಿ ಪತ್ರಿಕೆಗಳ ನೆರಳು ಜಾಸ್ತಿ. ಮರಾಠಿಯವರು ಪ್ರಜಾಪ್ರಭುತ್ವಕ್ಕೆ ಲೋಕಶಾಹಿ ಅನ್ನುತ್ತಾರೆ, ಗಣರಾಜ್ಯಕ್ಕೆ ಪ್ರಜಾಸತ್ತಾಕ ಅನ್ನುತ್ತಾರೆ. ಪಕ್ಕದ ಭಾಷೆಯಲ್ಲಿ ಪ್ರಜಾ ಅನ್ನುವ ಪದ ಯಾವ ಕೆಲಸ ಮಾಡುತ್ತಿದೆ ಅಂತ ನೋಡಿದರೆ ನಮ್ಮದು ಇನ್ನೂ ಚೆನ್ನಾಗಿ ತಿಳಿಯುತ್ತದೆ. 1890ರಿಂದ ಇರುವ ವಿದ್ಯಾವರ್ಧಕ ಸಂಘ ಇಲ್ಲೇ ಇದೆ. ಬಂದರೆ ನಮ್ಮ ಮನೆಯಲ್ಲೇ ಉಳಿಯಿರಿ.

---

ಹೇಮಾವತಿ ದಂಡೆ:

ಖಂಡಿತ ಬರುತ್ತೇನೆ ಅಕ್ಕ. ಎರಡು ಆಳ್ವಿಕೆ, ಒಂದೇ ಭಾಷೆ. ಇದನ್ನು ಯೋಚಿಸಿಯೇ ಇರಲಿಲ್ಲ.

---

ಪದಬೇಟೆ:

ಕಾಲದ ಮೆಟ್ಟಿಲು ಹೀಗೆ ಹಿಡಿಯಬಹುದು ಅಂತ ನನ್ನ ಊಹೆ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ. 1894ರಲ್ಲಿ ಕಿಟ್ಟೆಲ್ ನಿಘಂಟು, ಅಲ್ಲಿ ಪ್ರಜೆ, ಜನ, ಒಕ್ಕಲು, ನಾಗರಿಕ ಈ ನಾಲ್ಕೂ ನೋಡಿ. 1917ರಲ್ಲಿ ಪ್ರಜಾಮಿತ್ರ ಮಂಡಳಿ. ಇದು ಬಹಳ ಮುಖ್ಯ. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣರೇ ಜಾಸ್ತಿ ಇದ್ದ ಕಾಲ. ಹೊರಗೆ ಉಳಿದಿದ್ದ ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮುಖಂಡರು ಸೇರಿ ಕಟ್ಟಿದ ಸಂಘ ಅದು. ಮರುವರ್ಷವೇ ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ, ಅದೇ 1918ರಲ್ಲಿ ವಿಶ್ವೇಶ್ವರಯ್ಯನವರ ರಾಜೀನಾಮೆ. ಮುಂದೆ ಪ್ರಜಾಪಕ್ಷ, ಪ್ರಜಾಸಂಯುಕ್ತ ಪಕ್ಷ. ಎಲ್ಲದರಲ್ಲೂ ಪ್ರಜಾ! ಇವರು ಪ್ರಜೆ ಅಂದಾಗ ರಾಜನ ಎದುರು ಇಟ್ಟು ಹೇಳುತ್ತಿದ್ದರಾ, ಅಧಿಕಾರಿ ವರ್ಗದ ಎದುರು ಇಟ್ಟು ಹೇಳುತ್ತಿದ್ದರಾ? ನನಗೆ ಎರಡನೆಯದು ಅನ್ನಿಸುತ್ತದೆ. ಕಾಗದ ನೋಡಿ ನೀವೇ ಹೇಳಬೇಕು.

ಆಮೇಲೆ 1947ರ ‘ಮೈಸೂರು ಚಲೋ’ ಚಳವಳಿ. ಅಲ್ಲಿನ ಬೇಡಿಕೆ ಜವಾಬ್ದಾರಿ ಸರ್ಕಾರ. ಮರುವರ್ಷ ಒಂದು ದಿನಪತ್ರಿಕೆ ಪ್ರಜಾವಾಣಿ ಅಂತ ಹೆಸರಿಟ್ಟುಕೊಂಡು ಬಂತು. 1881ರಲ್ಲಿ ಪ್ರಜೆಗೆ ದಿವಾನರು ಭಾಷಣ ಓದಿದರು. 1948ರಲ್ಲಿ ಪ್ರಜೆಗೇ ವಾಣಿ.

---

ಮನೆಪಾಠ:

ಜವಾಬ್ದಾರಿಯಲ್ಲಿ ‘ಜವಾಬು’ ಇದೆ ನೋಡಿ. ಉತ್ತರ ಕೊಡಬೇಕಾದ ಸರ್ಕಾರ. ಪಾರಸಿಯಿಂದ ಬಂದ ಪದ, ಹಳ್ಳಿಯಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಬರೀ ಹೊಣೆ ಅಂದಿದ್ದರೆ ಯಾರಿಗೆ ಉತ್ತರ ಕೊಡಬೇಕು ಅನ್ನುವುದು ಅಷ್ಟು ಎದ್ದು ಕಾಣುತ್ತಿರಲಿಲ್ಲ.

---

ಮಂಡ್ಯದ ಹುಡುಗ:

ನಾಗರಿಕ ಅನ್ನೋ ಪದದ ಮೇಲೆ ನನಗೆ ಸಿಟ್ಟಿದೆ. ನಗರದವನು ಅಂತ ತಾನೇ ಮೂಲ ಅರ್ಥ? ಹಳ್ಳಿಯವನು ಅನಾಗರಿಕನಾ? ಪ್ರಜೆ ಅನ್ನೋದೇ ಚೆಂದ.

---

ಕೂಲಿಮಠ:

ಚೆಂದ ಅನ್ನುವ ಮೊದಲು ಯಾರನ್ನು ಪ್ರಜೆ ಅಂದರು, ಯಾರನ್ನು ಬಿಟ್ಟರು ಅಂತ ಕೇಳು ತಮ್ಮಾ. ಕೆರೆ ನೀರು ಮುಟ್ಟಬಾರದು ಅನ್ನಿಸಿಕೊಂಡವರು 1881ರ ಸಭೆಯ ಪ್ರಜೆಯಲ್ಲಿ ಸೇರುತ್ತಿದ್ದರಾ? ಮೇಡಂ, ನಿಮ್ಮ ಪ್ರಬಂಧದಲ್ಲಿ ಇದಕ್ಕೆ ಒಂದು ಪೂರ್ತಿ ಅಧ್ಯಾಯ ಬೇಕು.

---

ಹೇಮಾವತಿ ದಂಡೆ:

ಒಪ್ಪಿದೆ. ಅಧ್ಯಾಯ ಅಂತ ಬೇರೆ ಮಾಡುವ ಬದಲು ಪ್ರತಿ ಅಧ್ಯಾಯದಲ್ಲೂ ಆ ಪ್ರಶ್ನೆ ಕೇಳುತ್ತೇನೆ. ಬೇರೆ ಇಟ್ಟರೆ ಮತ್ತೆ ಊರಾಚೆ ಇಟ್ಟ ಹಾಗಾಗುತ್ತದೆ.

---

ಕೂಲಿಮಠ:

ಈ ಮಾತು ಸರಿ. ಬರೆಯಿರಿ, ಕರಡು ನಾನು ಓದುತ್ತೇನೆ.

---

ಹಳೇ ರೆಕಾರ್ಡು:

ಬರೆಯುವ ವಿಧಾನದ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಉದ್ದನೆಯ ನೋಟ್‌ಬುಕ್ ತಗೊಳ್ಳಿ. ಎಡಗಡೆ ಪುಟದಲ್ಲಿ ಕಡತದಲ್ಲಿ ಇದ್ದದ್ದು ಇದ್ದ ಹಾಗೆ, ಕಾಗುಣಿತ ತಪ್ಪಿದ್ದರೆ ಆ ತಪ್ಪಿನ ಸಮೇತ. ಬಲಗಡೆ ನಿಮಗೆ ಅನ್ನಿಸಿದ್ದು. ಎರಡೂ ಬೆರೆಯಬಾರದು. ಒಂದು ತಿಂಗಳು ಬಿಟ್ಟು ನೋಡಿದಾಗ ಯಾವುದು ಅವರ ಮಾತು, ಯಾವುದು ನಿಮ್ಮದು ಅಂತ ತಿಳಿಯಬೇಕು. ದಿವಾನರ ಭಾಷಣಕ್ಕೆ ಇಂಗ್ಲಿಷ್ ಪಾಠ, ಕನ್ನಡ ಪಾಠ ಎರಡೂ ಸಿಕ್ಕರೆ ಎದುರುಬದುರು ಇಟ್ಟು ಓದಿ. ಇಂಗ್ಲಿಷಿನ ಯಾವ ಪದಕ್ಕೆ ಕನ್ನಡದಲ್ಲಿ ಪ್ರಜೆ ಬಂದಿದೆ, ಯಾವುದಕ್ಕೆ ರೈತ, ಯಾವುದಕ್ಕೆ ಜನ, ಪಟ್ಟಿ ಮಾಡಿ. ನಿಮ್ಮ ಉತ್ತರದ ಅರ್ಧ ಆ ಪಟ್ಟಿಯಲ್ಲೇ ಇರುತ್ತದೆ.

---

ದೂರದೂರು:

ಈ ಎಡಗಡೆ ಬಲಗಡೆ ವಿಧಾನ ಯಾವ ಸಿದ್ಧಾಂತಕ್ಕಿಂತಲೂ ದೊಡ್ಡದು ಅಂತ ಒಪ್ಪುತ್ತೇನೆ ಸರ್.

---

ತೂಬಿನಕೆರೆ:

ಇಷ್ಟು ದಿನ ಓದುತ್ತಿದ್ದೆ, ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ನಮ್ಮ ಮುತ್ತಜ್ಜ ಪ್ರಜಾಪ್ರತಿನಿಧಿ ಸಭೆಗೆ ಹೋಗುತ್ತಿದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ಅವರ ಟ್ರಂಕು ಅಟ್ಟದ ಮೇಲಿದೆ. ಈ ಚರ್ಚೆ ಓದಿ ನಿನ್ನೆ ಇಳಿಸಿದೆ. ಮೇಲೆ ಪಂಚೆ, ಒಂದು ಜರಿ ರುಮಾಲು, ಕೆಳಗೆ ಕೆಂಪು ದಾರ ಕಟ್ಟಿದ ಕಾಗದದ ಕಟ್ಟು. ಮೇಲಿನ ಹಾಳೆ ಒಂದು ಅರ್ಜಿ. ಕೆರೆಯ ತೂಬು ಒಡೆದಿದೆ, ರಿಪೇರಿ ಆಗಬೇಕು ಅಂತ. ತಾರೀಖು ಇದ್ದ ಮೂಲೆಯನ್ನು ಗೆದ್ದಲು ತಿಂದಿದೆ. ಕೆಳಗೆ ಹನ್ನೆರಡು ಜನರ ರುಜು, ಐದು ಹೆಬ್ಬೆಟ್ಟು. ಎರಡು ರುಜು ಮೋಡಿ ಅಕ್ಷರದಲ್ಲಿದೆ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹದ ಲಿಪಿ) ಅನ್ನಿಸುತ್ತದೆ, ನನಗೆ ಓದಲು ಬರುವುದಿಲ್ಲ.

ನೀವೆಲ್ಲಾ ಪ್ರಜೆ ಪ್ರಜೆ ಅನ್ನುತ್ತಿದ್ದೀರಲ್ಲ, ಅದಕ್ಕೇ ಹುಡುಕಿದೆ. ಈ ಹಾಳೆಯಲ್ಲಿ ಆ ಪದ ಇಲ್ಲ. ತಮ್ಮನ್ನು ತಾವು ‘ರಯತರು’ ಅಂತ ಕರೆದುಕೊಂಡಿದ್ದಾರೆ. ಇದು ನಿಮಗೆ ಉಪಯೋಗಕ್ಕೆ ಬರುತ್ತದಾ?

---

ಹೇಮಾವತಿ ದಂಡೆ:

ಉಪಯೋಗವಾ! ಓದಿ ಮೈ ಜುಮ್ಮೆಂದಿತು. ಸರ್ಕಾರ ಅವರನ್ನು ಪ್ರಜೆ ಅಂತ ಕರೆಯುತ್ತಿದೆ, ಅವರು ತಮ್ಮನ್ನು ರಯತರು ಅನ್ನುತ್ತಿದ್ದಾರೆ. ಹಾಗಾದರೆ ನನ್ನ ಪ್ರಶ್ನೆ ಬದಲಾಗಬೇಕು. ಜನ ತಮ್ಮನ್ನು ತಾವೇ ಪ್ರಜೆ ಅಂತ ಮೊದಲು ಕರೆದುಕೊಂಡದ್ದು ಯಾವಾಗ? ಯಾವ ಅರ್ಜಿಯಲ್ಲಿ, ಯಾವ ಭಾಷಣದಲ್ಲಿ?

---

ಪದಬೇಟೆ:

ಇದನ್ನೇ ಗೈಡ್‌ಗೆ ಬರೆದು ಕಳಿಸಿ ಮೇಡಂ.

---

ದೂರದೂರು:

ಒಂದೇ ಅರ್ಜಿಯಿಂದ ತೀರ್ಮಾನ ಬೇಡ. ಕಟ್ಟಿನಲ್ಲಿ ಇನ್ನೆಷ್ಟು ಹಾಳೆ ಇದೆ?

---

ತೂಬಿನಕೆರೆ:

ನಲವತ್ತಕ್ಕೂ ಜಾಸ್ತಿ ಇರಬಹುದು. ಕೆಲವು ಒಂದಕ್ಕೊಂದು ಅಂಟಿಕೊಂಡಿವೆ. ಬಿಸಿಲಿಗೆ ಇಟ್ಟು ಬಿಡಿಸಲಾ?

---

ಹಳೇ ರೆಕಾರ್ಡು:

ಬೇಡ! ಬಿಸಿಲಿಗೆ ಇಡಬೇಡಿ, ಎಳೆದು ಬಿಡಿಸಬೇಡಿ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನೆರಳಲ್ಲಿ, ಒಗೆದ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಇಡಿ. ಕಟ್ಟು ಇದ್ದ ಕ್ರಮ ಬದಲಿಸಬೇಡಿ, ಯಾವುದು ಯಾವುದರ ಮೇಲಿತ್ತು ಅನ್ನುವುದೂ ಮುಖ್ಯ. ಬಿಡಿಯಾಗಿರುವ ಹಾಳೆಗಳ ಫೋಟೋ ಮಾತ್ರ ತೆಗೆಯಿರಿ, ಹಿಂಬದಿಯದ್ದೂ ಬೇಕು. ಅಮಲ್ದಾರರ (ತಾಲ್ಲೂಕಿನ ಅಧಿಕಾರಿ) ಹೆಸರೋ ಛಾಪಾ ಕಾಗದದ ಮುದ್ರೆಯೋ ಕಂಡರೆ ಕಾಲ ಹಿಡಿಯಬಹುದು. ಅಂಟಿಕೊಂಡಿರುವುದನ್ನು ಪತ್ರಾಗಾರದಲ್ಲಿ ಕೈ ಪಳಗಿದವರಿಗೆ ತೋರಿಸೋಣ, ನಾನು ಜೊತೆಗೆ ಬರುತ್ತೇನೆ.

---

ಧಾರವಾಡದವಳು:

ಮೋಡಿ ನಾನು ಓದುತ್ತೇನ್ರಿ. ನಮ್ಮ ಅಪ್ಪ ಕಲಿಸಿದ್ದು. ರುಜು ಇರುವ ಭಾಗ ಹತ್ತಿರದಿಂದ ತೆಗೆದು ಹಾಕ್ರಿ.

---

ಕೂಲಿಮಠ:

ಆ ಐದು ಹೆಬ್ಬೆಟ್ಟಿನ ಪಕ್ಕ ಹೆಸರು ಬರೆದಿದ್ದಾರಾ? ಅದನ್ನು ಮೊದಲು ಹಾಕಿ.

---

ತೂಬಿನಕೆರೆ:

ಬರೆದಿದ್ದಾರೆ. ಬೇರೆ ಯಾರೋ ಒಂದೇ ಕೈಯಲ್ಲಿ ಬರೆದ ಹಾಗಿದೆ. ಕರೆಂಟು ಬಂದ ಮೇಲೆ ಫೋಟೋ ಹಾಕುತ್ತೇನೆ.